ಜನನವನ್ನೂ ಮರಣವನ್ನೂ ಕಡೆಗಣಿಸೋಣ

ನಮ್ಮೂರಿನಲ್ಲಿ ಹಾಲಿಗೆ ಹೆಪ್ಪು ಹಾಕುವ ಮೊದಲು ಹೆಂಗಸರು ವಿಶ್ವವಿದ್ಯಾನಿಲಯದ ಟೈಮ್ ಟೇಬಲ್ ನೋಡುತ್ತಾರೆ. ಎಲ್ಲ ವಿಭಾಗದ್ದಲ್ಲ. ಅರ್ಥಶಾಸ್ತ್ರದವರು ಗಂಟಲು ಹರಿದುಕೊಂಡರೂ ನಮ್ಮ ಸಂತೆಯಲ್ಲಿ ಬದನೆಕಾಯಿಯ ಬೆಲೆ ಅಲುಗುವುದಿಲ್ಲ. ತತ್ವಶಾಸ್ತ್ರದವರ ಮಾತಿಗೆ ಅವರ ಮನೆಯ ನಾಯಿಯೂ ಕಿವಿ ನಿಮಿರಿಸುವುದಿಲ್ಲ. ನೋಡಬೇಕಾದ್ದು ಒಂದೇ ತರಗತಿ, ಮೊದಲ ವರ್ಷದವರಿಗೆ ಹೇಳಿಕೊಡುವ ಗಣಿತೀಯ ಜೀವಶಾಸ್ತ್ರದ ಪ್ರವೇಶ ಪಾಠ. ಆ ತರಗತಿಯ ಬೋರ್ಡಿನ ಮೇಲೆ 'ಹೀಗೆಂದು ಇಟ್ಟುಕೊಳ್ಳೋಣ' ಎಂದು ಬರೆದದ್ದು, ಒರೆಸುವ ತನಕ, ಊರಿನ ಸಕಲ ಜೀವಿಗಳಿಗೂ ಅನ್ವಯಿಸುತ್ತದೆ. ಹೊರಗಿನಿಂದ ಬಂದ ನೆಂಟರು ಯಾಕೆ ಹೀಗೆ ಎಂದು ಕೇಳುತ್ತಾರೆ. ಅವರ ಊರಿನಲ್ಲಿ ಹಾಗೆಲ್ಲ ಆಗುವುದಿಲ್ಲವಂತೆ. ಆಗದಿದ್ದ ಮೇಲೆ ಪಾಠ ಮಾಡುವುದು ಯಾತಕ್ಕೆ ಎಂದು ನಾವು ಕೇಳಿದರೆ ಅವರು ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ.

ಆ ಪಾಠ ಮಾಡುವವರು ನನ್ನ ಗಂಡ, ಪ್ರೊಫೆಸರ್ ಶಿತಿಕಂಠ. ಮದುವೆಯಾದ ಹೊಸದರಲ್ಲಿ ಊರಿಗೆ ಊರೇ ಇವರ ಮಾತು ಕೇಳುತ್ತದಲ್ಲ ಎಂದು ನಾನೂ ಬೀಗಿದ್ದುಂಟು. ಆಮೇಲೆ ಗೊತ್ತಾಯಿತು, ಹೆಚ್ಚಾಗಿ ಕೇಳುವುದು ನುಸಿ, ಸೊಳ್ಳೆ ಮತ್ತು ಹೆಗ್ಗಣ. ಕಾಲೇಜು ಶುರುವಾದ ಮೊದಲ ವಾರ ಇವರು 'ಆಹಾರಕ್ಕೆ ಕೊರತೆಯಿಲ್ಲ, ಶತ್ರುಗಳೂ ಇಲ್ಲ ಎಂದಿಟ್ಟುಕೊಳ್ಳೋಣ' ಎಂದು ಬರೆಯುತ್ತಾರೆ. ಪೀರಿಯಡ್ ಮುಗಿಯುವಷ್ಟರಲ್ಲಿ ಡಬ್ಬದಲ್ಲಿ ಅಕ್ಕಿಗಿಂತ ನುಸಿಯೇ ಹೆಚ್ಚಾಗಿರುತ್ತದೆ. ಅದಕ್ಕೇ ಆ ವಾರ ಯಾರೂ ದಿನಸಿ ತರುವುದಿಲ್ಲ. ಆಮೇಲೆ ಬೆಕ್ಕು ಇಲಿಗಳ ಪಾಠ. ಇಲಿ ಹೆಚ್ಚಿ, ಅದನ್ನು ತಿಂದು ಬೆಕ್ಕು ಹೆಚ್ಚಿ, ತಿನ್ನಲು ಇಲಿ ಸಿಗದೆ ಬೆಕ್ಕು ಕಮ್ಮಿಯಾಗಿ, ಮತ್ತೆ ಇಲಿ ಹೆಚ್ಚುವ ಈ ಗಲಾಟೆ ಮುಗಿಯುವ ತನಕ ರೇಷನ್ ಅಂಗಡಿಯವನು ಬಾಗಿಲು ಹಾಕಿಕೊಂಡು ಮಾವನ ಮನೆಗೆ ಹೋಗಿಬಿಡುತ್ತಾನೆ. ಅದಾದ ಮೇಲೆ 'ಲೆಕ್ಕ ಸುಲಭವಾಗಲೆಂದು ಹೆಣ್ಣುಗಳನ್ನು ಮಾತ್ರ ಎಣಿಸೋಣ' ಎಂಬ ಪಾಠ. ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ಗಂಡಸರು ಎಷ್ಟು ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ, ಬಸ್ಸಿನಲ್ಲಿ ಕಂಡಕ್ಟರ್ ಅವರಿಗೆ ಟಿಕೆಟ್ ಹರಿಯುವುದಿಲ್ಲ. ವರ್ಷದಲ್ಲಿ ನನಗೆ ಬಲು ಇಷ್ಟವಾದ ಪಾಠ ಅದು. ಇವರು ಮನೆಗೆ ಬಂದು, 'ಕ್ಲಾಸಲ್ಲಿ ಇವತ್ತು ಒಬ್ರೂ ನನ್ನ ಕಡೆ ನೋಡ್ಲೇ ಇಲ್ಲ' ಎಂದು ಮುಖ ಊದಿಸಿಕೊಂಡು ಕೂರುತ್ತಾರೆ.

ಇದರಿಂದಾಗಿ ನಮ್ಮ ಕ್ವಾರ್ಟರ್ಸಿನ ಹಿತ್ತಲ ಬಾಗಿಲಿಗೆ ಜನ ತಪ್ಪಿದ್ದಿಲ್ಲ. ಮದುವೆ ಇಟ್ಟುಕೊಂಡವರು, ಕೋಳಿ ಸಾಕಿದವರು, ಬೀಜ ಬಿತ್ತಿದವರು, ಎಲ್ಲರಿಗೂ ಮೇಷ್ಟ್ರಿಗೆ ಒಂದು ಮಾತು ಹೇಳಿಸಬೇಕು. ಇವರು ಮಾತ್ರ, 'ವಿಜ್ಞಾನ ಯಾರ ಮುಲಾಜಿಗೂ ಬೀಳೋದಿಲ್ಲ' ಎಂದು ಗೋಡೆ ನೋಡಿಕೊಂಡು ಹೇಳುತ್ತಿದ್ದರು. ಕುಲಪತಿಗಳ ಮಗಳ ಮದುವೆಯ ದಿನ ವಿಜ್ಞಾನವು ಸೊಳ್ಳೆಯ ಪಾಠವನ್ನು ಸದ್ದಿಲ್ಲದೆ ಮುಂದಿನ ವಾರಕ್ಕೆ ಹಾಕಿತ್ತು. ಊಟಕ್ಕೆ ನಾನೂ ಹೋಗಿದ್ದೆ, ಜಿಲೇಬಿ ಚೆನ್ನಾಗಿತ್ತು.

ಬೋರ್ಡು ಒರೆಸುವುದಕ್ಕೂ ಒಂದು ಕಟ್ಟಳೆಯಿದೆ. ಬರೆದ ಕೈಯೇ ಒರೆಸಬೇಕು. ಬೇರೆಯವರು ಒರೆಸಿದರೆ ಅಕ್ಷರ ಹೋಗುತ್ತದೆ, ಮಾತು ಹೋಗುವುದಿಲ್ಲ. ಹಿಂದೆ ಇವರ ಗುರುಗಳ ಕಾಲದಲ್ಲಿ, 'ಕಾಗೆಗಳ ಸಂಖ್ಯೆ ಸೊನ್ನೆ ಎಂದಿಟ್ಟುಕೊಳ್ಳೋಣ' ಎಂಬುದನ್ನು ಯಾರೋ ಉತ್ಸಾಹಿ ಅಟೆಂಡರ್ ನೀರು ಹಾಕಿ ತೊಳೆದುಬಿಟ್ಟ. ಇವತ್ತಿಗೂ ನಮ್ಮೂರಲ್ಲಿ ಕಾಗೆಗಳಿಲ್ಲ. ತಿಥಿಯ ದಿನ ಪಿಂಡ ಹಿಡಿದುಕೊಂಡು ಪಕ್ಕದ ಊರಿಗೆ ಬಸ್ಸು ಹತ್ತಬೇಕು. ಹಾಗಾಗಿ ಆ ಬೋರ್ಡನ್ನು ಯಾರೂ ಬೆರಳ ತುದಿಯಿಂದಲೂ ಮುಟ್ಟುವುದಿಲ್ಲ.

ಸಾಂಕ್ರಾಮಿಕ ರೋಗದ ಪಾಠ ವರ್ಷದ ಕೊನೆಗೆ ಬರುತ್ತದೆ. ಊರಿನ ಜನರನ್ನು ರೋಗ ತಗಲಬಹುದಾದವರು, ತಗಲಿದವರು, ಗುಣವಾದವರು ಎಂದು ಮೂರು ಪಾಲು ಮಾಡಿ, ಯಾರು ಯಾವ ಪಾಲಿನಿಂದ ಯಾವ ಪಾಲಿಗೆ ಎಷ್ಟು ಬೇಗ ಹೋಗುತ್ತಾರೆ ಎಂದು ಲೆಕ್ಕ ಹಾಕುವುದು. ಇದರ ಮೊದಲ ಸಾಲು 'ಜನನವನ್ನೂ ಮರಣವನ್ನೂ ಕಡೆಗಣಿಸೋಣ' ಎಂದಿರುತ್ತದೆ. ಹಾಗೆ ಕಡೆಗಣಿಸಿದರೆ ಒಟ್ಟು ಜನಸಂಖ್ಯೆ ಹೆಚ್ಚುಕಮ್ಮಿಯಾಗದೆ ನಿಲ್ಲುತ್ತದೆ, ಲೆಕ್ಕ ಬಾಲ ಮಡಚಿಕೊಂಡು ಕೂರುತ್ತದೆ. ಆ ಒಂದು ಪೀರಿಯಡ್ ಊರಿನಲ್ಲಿ ಯಾರೂ ಹುಟ್ಟುವುದಿಲ್ಲ, ಯಾರೂ ಸಾಯುವುದಿಲ್ಲ. ಹೆರಿಗೆ ಆಸ್ಪತ್ರೆಯ ನರ್ಸುಗಳು ಟೀ ಕುಡಿಯಲು ಹೋಗುತ್ತಾರೆ. ಕೋಳಿ ಅಂಗಡಿಯವರು ಕತ್ತಿ ತೊಳೆದಿಟ್ಟು ಪೇಪರ್ ಓದುತ್ತಾರೆ. ಹಾಲಿಗೆ ಹಾಕಿದ ಹೆಪ್ಪು ಹಾಗೇ ತೇಲುತ್ತದೆ, ದೋಸೆ ಹಿಟ್ಟು ಉಬ್ಬುವುದಿಲ್ಲ, ಯಾಕೆಂದರೆ ಮೊಸರಾಗಬೇಕಾದರೂ ಕಣ್ಣಿಗೆ ಕಾಣದ ಜೀವಗಳು ಹುಟ್ಟಬೇಕಲ್ಲ. ಗಂಟೆ ಹೊಡೆಯುತ್ತದೆ, ಇವರು ಒರೆಸುತ್ತಾರೆ, ಊರು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪ್ರತಿ ವರ್ಷವೂ ಹೀಗೇ ನಡೆದುಕೊಂಡು ಬಂದಿತ್ತು.

ಈ ಸಲ ಆ ಪಾಠದ ಹೊತ್ತಿಗೆ ನಮ್ಮ ಅತ್ತೆ ಗೌರಾಂಬನವರು ಹಾಸಿಗೆ ಹಿಡಿದಿದ್ದರು. ಹೊಟ್ಟೆಯಲ್ಲಿ ಗೆಡ್ಡೆ. ಡಾಕ್ಟರು ಕೈ ಚೆಲ್ಲಿದ್ದರು. ಅತ್ತೆಗೂ ನನಗೂ ಅಂಥ ಪ್ರೀತಿಯೇನೂ ಇರಲಿಲ್ಲ. ನಾನು ಗುಡಿಸಿದ ನೆಲದಲ್ಲಿ ಅವರು ಕಸ ಹುಡುಕುತ್ತಿದ್ದರು, ಅವರು ಹುಡುಕಲಿ ಎಂದು ನಾನು ಒಂದು ಚೂರು ಬಿಡುತ್ತಿದ್ದೆ. ಆದರೆ ನೋವಿನಲ್ಲಿ ಅವರು ಹಾಸಿಗೆಯ ಅಂಚನ್ನು ಕಚ್ಚಿ ಹಿಡಿದದ್ದು ನೋಡಿದ ಮೇಲೆ ಹಳೆಯದೆಲ್ಲ ಕ್ಷುಲ್ಲಕ ಅನ್ನಿಸಿತು. ಆವತ್ತು ಬೆಳಿಗ್ಗೆ ಅವರ ಕೈಕಾಲು ತಣ್ಣಗಾದವು, ಉಸಿರು ಮೇಲೆ ಮೇಲೆ ಬರತೊಡಗಿತು. ವಿಭಾಗಕ್ಕೆ ಫೋನ್ ಮಾಡಿ, ಕೂಡಲೇ ಬನ್ನಿ ಎಂದು ಹೇಳಿಸಿದೆ. ಇವರು ಅರ್ಧ ಪಾಠ ಬಿಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಓಡಿ ಬಂದರು.

ಅಮ್ಮನ ಪಕ್ಕ ಕೂತರು. ಇನ್ನೇನು ಹೋಯಿತು ಅನ್ನುವ ಉಸಿರು ಹೋಗಲಿಲ್ಲ. ಮತ್ತೊಂದು ಬಂತು, ಇನ್ನೊಂದು ಬಂತು. ಇವರು ಗೋಡೆ ಗಡಿಯಾರ ನೋಡಿದರು, ಕೈಯಲ್ಲಿದ್ದ ಸೀಮೆಸುಣ್ಣ ನೋಡಿದರು. ಬೋರ್ಡು ಒರೆಸದೆ ಬಂದದ್ದು ಆಗ ನೆನಪಾಯಿತು ಅಂತ ಕಾಣುತ್ತದೆ. ಇವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

'ಒರೆಸೋದಿಲ್ಲ' ಎಂದರು.

ಮರೆತು ಬಂದವರ ಮೇಲೆ ಊರಿನವರಿಗೆ ಸಿಟ್ಟಿರಲಿಲ್ಲ. ಅಮ್ಮನ ವಿಷಯ, ಒಂದೆರಡು ದಿನ ಹಾಲನ್ನವೇ ಉಣ್ಣೋಣ ಎಂದರು. ಕೋಳಿ ಅಂಗಡಿಯವರು ತರಕಾರಿ ಇಟ್ಟುಕೊಂಡರು. ಹೋಟೆಲಿನವರು ಇಡ್ಲಿ ನಿಲ್ಲಿಸಿ ಉಪ್ಪಿಟ್ಟು ಶುರು ಮಾಡಿದರು. ಉಪ್ಪಿಟ್ಟು ಕಂಡರಾಗದವರು ಕೂಡ ಗೊಣಗದೆ ತಿಂದರು. ನಮ್ಮೂರಿನವರಿಗೆ ಹೊಂದಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ಹಿತ್ತಲ ಬಾಗಿಲಿಗೆ ಸಣ್ಣಮ್ಮ ಬಂದಳು. ನಮ್ಮ ಬೀದಿಗೆಲ್ಲ ಮೊಸರು ಮಾರುವವಳು. ಅವಳ ಮಗಳು ನಾಗವೇಣಿ ಇವರದೇ ತರಗತಿಯ ವಿದ್ಯಾರ್ಥಿನಿ. ಮದುವೆಯಾಗಿ, ಬಸುರಿಯಾಗಿ, ಹೊಟ್ಟೆ ಡೆಸ್ಕಿಗೆ ತಗುಲಿದರೂ ಪಾಠ ತಪ್ಪಿಸಿರಲಿಲ್ಲ. ಆವತ್ತು ಬೆಳಿಗ್ಗೆ ಬೆಂಚಿನ ಮೇಲೆ ಕೂತಿದ್ದಾಗಲೇ ಅವಳಿಗೆ ನೋವು ಕಾಣಿಸಿಕೊಂಡಿತ್ತು. ಕಾಂಪೌಂಡಿನ ಆಚೆಗಿರುವ ಹೆರಿಗೆ ಆಸ್ಪತ್ರೆಗೆ ಸೇರಿಸಿದ್ದರು. ಜನನ ಕಡೆಗಣನೆಯಾದ್ದರಿಂದ ಮಗು ಬರಲಿಲ್ಲ. ನೋವು ಮಾತ್ರ ನಿಲ್ಲಲಿಲ್ಲ.

'ಅಮ್ಮಾವ್ರೆ, ಮೊಸರು ಹೋದ್ರೆ ಹೋಗ್ಲಿ, ನಾನ್ ಕೇಳಕ್ಕಿಲ್ಲ' ಎಂದಳು ಸಣ್ಣಮ್ಮ. 'ಮಗಾ ಅಲ್ಲೇ ಕುಂತೈತೆ. ಕುಯ್ದು ತೆಗೀರವ್ವಾ ಅಂದ್ರೆ, ಕುಯ್ದು ತೆಗುದ್ರೂ ಅದು ಹುಟ್ಟೋದೇಯ, ಆಗಕ್ಕಿಲ್ಲ ಅಂತಾರೆ ಡಾಕ್ಟ್ರಮ್ಮ. ಅವ್ಳು ಕೂಗಿ ಕೂಗಿ ಗಂಟ್ಲು ಬಿದ್ದೋಗೈತೆ. ಮೇಷ್ಟ್ರಿಗೆ ಒಸಿ ಹೇಳಿ.'

ನಾನು ಆಸ್ಪತ್ರೆಗೆ ಹೋದೆ. ನಾಗವೇಣಿ ಮಂಚದ ಕಂಬಿ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ಬಾಯಿ ತೆರೆದಳು, ಧ್ವನಿ ಬರಲಿಲ್ಲ. ಲೇಡಿ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದುಕೊಂಡು ಬಂದರು.

'ಇವಳು ಉಳಿದಿರೋದೇ ಆ ಬೋರ್ಡಿಂದ' ಎಂದರು. 'ಬೇರೆ ಊರಾಗಿದ್ರೆ ಇಷ್ಟು ಹೊತ್ತಿಗೆ ತಾಯಿ ಮಗು ಎರಡೂ ಹೋಗಿರ್ತಿದ್ವು. ಒರೆಸಿದ ಕ್ಷಣ ಮಗುಗೂ ದಾರಿ ತೆರೆಯುತ್ತೆ, ಸಾವಿಗೂ ತೆರೆಯುತ್ತೆ. ಯಾವುದು ಮೊದಲು ಬರುತ್ತೋ ನಾನು ಹೇಳಲಾರೆ. ತಡ ಆದಷ್ಟೂ ಅವಳಿಗೆ ಕಷ್ಟ. ಬೇಗ ಒರೆಸೋಕೆ ಹೇಳಿ.'

ಮನೆಗೆ ಬಂದು ಇದ್ದದ್ದನ್ನು ಇದ್ದಹಾಗೆ ಇವರಿಗೆ ಹೇಳಿದೆ. ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನಾದರೂ ಒರೆಸುತ್ತಾರಲ್ಲ ಅಂದುಕೊಂಡೆ.

'ಮಾದರಿಯಲ್ಲಿ ಒಬ್ಬೊಬ್ಬರನ್ನ ನೋಡೋಕಾಗಲ್ಲ ವನಮಾಲ. ಒಟ್ಟಾರೆ ನೋಡ್ಬೇಕು' ಎಂದರು.

'ಒಟ್ಟಾರೆ ಅಂದ್ರೆ ಯಾರು ರೀ? ನಿಮ್ಮಮ್ಮ ಒಬ್ರೇನಾ?'

ಇಂಥ ಹೊತ್ತಿನಲ್ಲಿ ಇವರು ಪುಸ್ತಕದ ಬೀರುವಿನ ಕಡೆ ತಿರುಗಿ ನಿಲ್ಲುತ್ತಾರೆ, ಅಲ್ಲಿಂದ ಯಾರೋ ಬಂದು ಕಾಪಾಡುತ್ತಾರೆ ಅನ್ನುವ ಹಾಗೆ. ಅಮ್ಮನ ಮೇಲೆ ಇವರಿಗೆ ಪ್ರೀತಿಯಿಲ್ಲ ಎಂದು ನಾನು ಹೇಳುವುದಿಲ್ಲ. ಇತ್ತು. ಆದರೆ ಅಮ್ಮನಿಗೆ ಮಾತ್ರೆ ಕೊಡುವುದು, ಪಕ್ಕ ಬದಲಿಸುವುದು, ಬಟ್ಟೆ ಬದಲಿಸುವುದು ಎಲ್ಲ ನಾನು. ಇವರ ಪ್ರೀತಿ ಬಾಗಿಲಲ್ಲಿ ನಿಂತು ಉಸಿರಾಡುತ್ತಿದ್ದಾರಾ ಎಂದು ನೋಡಿ ಹೋಗುವಷ್ಟು.

ವಿಶ್ವವಿದ್ಯಾನಿಲಯ ಸುಮ್ಮನೆ ಕೂರಲಿಲ್ಲ, ಸಮಿತಿ ಮಾಡಿತು. ಬೋರ್ಡು ನಮ್ಮದು ನಿಜ, ಆದರೆ ಜನನ ಮರಣ ನಮಗೆ ಸೇರಿದ್ದಲ್ಲ ಎಂದು ಗಣಿತ ವಿಭಾಗದವರು ಹೇಳಿದರು. ಜನನ ಮರಣ ನಮ್ಮದೇ, ಆದರೆ ಅದನ್ನು ಕಡೆಗಣಿಸಿದವರು ಗಣಿತದವರು ಎಂದು ಜೀವಶಾಸ್ತ್ರದವರು ಹೇಳಿದರು. ಎರಡೂ ಕಡೆಯವರು ತಿಂಡಿ ತಿಂದು, ವಿಷಯ ಗಂಭೀರವಾದದ್ದು ಎಂದು ಒಮ್ಮತಕ್ಕೆ ಬಂದರು. ಕಾಂಪೌಂಡಿನ ಆಚೆ ಒಬ್ಬ ಹುಡುಗಿ ಮಂಚದ ಕಂಬಿ ಹಿಡಿದು ಒದ್ದಾಡುತ್ತಿದ್ದಳು. ಸಮಿತಿಯಲ್ಲಿ ಅರ್ಧ ಜನ ಜೀವವಿಜ್ಞಾನ ಓದಿದವರು. ನನಗೆ ಉಗಿಯಬೇಕೆನ್ನಿಸಿತು.

ಅತ್ತೆಗೆ ಇದೊಂದನ್ನೂ ತಿಳಿಸಬಾರದು ಎಂದು ಇವರ ಅಪ್ಪಣೆಯಾಗಿತ್ತು. ಆದರೆ ಮೊಸರಿಲ್ಲದ ಊಟವನ್ನು ಅತ್ತೆಯಿಂದ ಎಷ್ಟು ದಿನ ಮುಚ್ಚಿಡಲು ಸಾಧ್ಯ? ಮೂರನೆಯ ದಿನ ಮಧ್ಯಾಹ್ನ ಒಂದು ಚಮಚ ಹಾಲನ್ನ ಬಾಯಿಗಿಟ್ಟಾಗ ಮುಖ ತಿರುಗಿಸಿದರು.

'ದಿನಾ ಹಾಲನ್ನ. ನಿನ್ನ ಹೆಪ್ಪು ಎಲ್ಲಿ ಸತ್ತಿದೆ?' ಎಂದರು. ಆಮೇಲೆ ಚಮಚವನ್ನು ಆಚೆ ತಳ್ಳಿದರು. 'ನಾನು ಆವತ್ತೇ ಹೋಗ್ಬೇಕಿತ್ತು ಅಲ್ವೇನೇ? ನಿನ್ನ ಗಂಡ ಏನು ಮಾಡಿದಾನೆ ಹೇಳು.'

ಹೇಳಿದೆ. ನಾಗವೇಣಿಯ ವಿಷಯವನ್ನೂ, ಡಾಕ್ಟರು ಅಂದದ್ದನ್ನೂ ಬಿಡದೆ ಹೇಳಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಬಂತೇನೋ ಅಂದುಕೊಂಡೆ.

'ಶಿತೂನ ಕರಿ' ಎಂದರು.

ಇವರು ಬಂದು ಬಾಗಿಲಲ್ಲಿ ನಿಂತರು.

'ಒಳಗೆ ಬಾ. ನಿನ್ನ ಪಾಠ ನಾನು ಒಂದಿನಾನೂ ಕೇಳಿಲ್ಲ. ಕರ್ಕೊಂಡು ಹೋಗಿ ತೋರಿಸು.'

'ಈ ಸ್ಥಿತೀಲಿ ಹೇಗಮ್ಮ? ದಾರೀಲಿ ಏನಾದ್ರೂ ಆದ್ರೆ?'

'ಏನೋ ಆಗತ್ತೆ? ಆಗದ ಹಾಗೆ ಬರೆದಿಟ್ಟು ಬಂದಿದೀಯಲ್ಲ.'

ಬೆತ್ತದ ಕುರ್ಚಿಯಲ್ಲಿ ಕೂರಿಸಿ, ದಿಂಬುಗಳನ್ನು ಒತ್ತಿಟ್ಟು, ವಿಭಾಗದ ಇಬ್ಬರು ಅಟೆಂಡರುಗಳನ್ನು ಕರೆಸಿ ಹೊತ್ತುಕೊಂಡು ಹೋದೆವು. ಪ್ರತಿ ಹೆಜ್ಜೆಗೂ ಅತ್ತೆ ಹಲ್ಲು ಕಚ್ಚುತ್ತಿದ್ದರು. ದಾರಿಯಲ್ಲಿ ನಿಂತಿದ್ದವರು ಹಿಂದೆ ಬಂದರು. ತರಗತಿಯೊಳಗೆ ಯಾರೂ ಕಾಲಿಡಲಿಲ್ಲ, ಕಿಟಕಿಗಳ ಹೊರಗೆ ಗುಂಪು ಕಟ್ಟಿಕೊಂಡು ನಿಂತರು. ಸಣ್ಣಮ್ಮ ಆಸ್ಪತ್ರೆ ಕಡೆಗೆ ತೆರೆಯುವ ಕಿಟಕಿಯಲ್ಲಿದ್ದಳು.

ಅತ್ತೆಯನ್ನು ಮೊದಲ ಬೆಂಚಿನ ಮುಂದೆ ಇಳಿಸಿದೆವು. ಬೋರ್ಡಿನಲ್ಲಿ ಇವರ ದುಂಡು ಅಕ್ಷರದಲ್ಲಿ ಆ ಸಾಲು ಹಾಗೇ ಇತ್ತು. ಅದರ ಕೆಳಗೆ ಅರ್ಧಕ್ಕೆ ನಿಂತ ಸಮೀಕರಣ. ಅತ್ತೆ ಕನ್ನಡಕ ಹಾಕಿಸಿಕೊಂಡು ನಿಧಾನವಾಗಿ ಓದಿದರು.

'ಇದ್ರಲ್ಲಿ ಎರಡು ಮಾತಿದೆ' ಎಂದರು. 'ನನ್ನ ಉಳಿಸ್ಕೊಳ್ಳೋಕೆ ಎರಡನೇದು ಸಾಕಲ್ವೇನೋ? ಮೊದಲನೇದನ್ನ ಯಾತಕ್ಕೆ ಹಿಡ್ಕೊಂಡಿದೀಯ?'

ಇವರು ಗಂಟಲು ಸರಿ ಮಾಡಿಕೊಂಡರು. 'ಜನನ ಮಾತ್ರ ಅಳಿಸಿದ್ರೆ ಒಟ್ಟು ಸಂಖ್ಯೆ ಸ್ಥಿರವಾಗಿ ನಿಲ್ಲಲ್ಲಮ್ಮ. ಹುಟ್ಟೋದು ಇದ್ದು ಸಾಯೋದು ಇಲ್ದಿದ್ರೆ ಎಲ್ಲಾ ಮಿತಿಮೀರಿ ಬೆಳೆಯುತ್ತೆ. ಸೊಳ್ಳೆ, ನುಸಿ, ಎಲ್ಲಾನೂ. ಇಡೀ ಮಾದರಿಯೇ ಬಿದ್ದುಹೋಗುತ್ತೆ.'

'ಬೀಳ್ಲಿ' ಎಂದರು ಅತ್ತೆ. 'ಮೊದಲ್ನೇ ಮಾತು ಒರೆಸು. ನಾನಿಲ್ಲೇ ಕೂತಿರ್ತೀನಿ, ಎಲ್ಲಿಗೂ ಹೋಗಲ್ಲ. ಆ ಹುಡುಗಿ ಹೆತ್ತು ಎದ್ದು ಕೂತ್ಕೊಳ್ಲಿ. ಅಲ್ಲೀವರೆಗೆ ಯಾರೂ ಸಾಯೋದು ಬೇಡ.'

ಕಿಟಕಿಯ ಹೊರಗೆ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಎರಡೂ ವಿಭಾಗಗಳು ಸೇರಿ ಸಮಿತಿ ಮಾಡಿದವು, ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ನನ್ನ ತಲೆಗೂ ಹೊಳೆದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಇವರಿಗೆ ಹೊಳೆದಿತ್ತು ಅಂತಲೇ ನನ್ನ ಅನುಮಾನ. ಒಂದು ಸಲ ಡಸ್ಟರ್ ಕೈಗೆ ತೆಗೆದುಕೊಂಡರೆ ಪೂರ್ತಿ ಒರೆಸುವ ತನಕ ಊರು ಬಿಡುವುದಿಲ್ಲ ಎಂಬ ಹೆದರಿಕೆ. ಆ ಹೆದರಿಕೆಗೆ ಇವರು ಇಟ್ಟ ಹೆಸರು ಮಾದರಿ.

ಇವರು ಡಸ್ಟರ್ ಎತ್ತಿಕೊಂಡು 'ಜನನವನ್ನೂ' ಎಂಬುದನ್ನು ಒರೆಸಿದರು. ಉಳಿದ ಸಾಲು ಒಂಟಿಯಾಗಿ ನಿಂತಿತು.

ಮೊದಲು ಬಂದದ್ದು ಸೊಳ್ಳೆ. ಚರಂಡಿಗಳಲ್ಲಿ ದಿನಗಟ್ಟಲೆ ಕಾದು ಕೂತಿದ್ದ ಮೊಟ್ಟೆಗಳೆಲ್ಲ ಒಟ್ಟಿಗೆ ಒಡೆದವು. ಹೊರಗಿನವರು ಮುಖಕ್ಕೆ ಮೈಗೆ ಬಡಿದುಕೊಳ್ಳತೊಡಗಿದರು. ಬಡಿದರೂ ಸೊಳ್ಳೆ ಸಾಯುತ್ತಿರಲಿಲ್ಲ, ರೆಕ್ಕೆ ಕೊಡವಿಕೊಂಡು ಮತ್ತೆ ಬರುತ್ತಿತ್ತು. ಎದುರಿನ ಹೋಟೆಲಿನಲ್ಲಿ ದೋಸೆ ಹಿಟ್ಟು ಪಾತ್ರೆಯಿಂದ ಉಕ್ಕಿ ಕಟ್ಟೆ ಇಳಿದು ಬೀದಿಗೆ ಬಂತು. ಯಾರೂ ಗೊಣಗಲಿಲ್ಲ. ಎಲ್ಲರ ಕಿವಿಯೂ ಆಸ್ಪತ್ರೆಯ ಕಡೆಗಿತ್ತು. ನಾನು ಅತ್ತೆಯ ಮುಖಕ್ಕೆ ಸೆರಗಿನಿಂದ ಗಾಳಿ ಹಾಕುತ್ತಾ ನಿಂತೆ. ಅವರ ಬೆರಳುಗಳು ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದವು.

ಮಗು ಅತ್ತಿತು. ಕಾಂಪೌಂಡಿನ ಆಚೆಯಿಂದ ತೆಳ್ಳಗೆ ಕೇಳಿಸಿತು. ಸಣ್ಣಮ್ಮ ಕಿಟಕಿಯ ಸರಳಿಗೆ ಹಣೆಯಿಟ್ಟು ನಿಂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ನರ್ಸು ಬಂದಳು. ಹೆಣ್ಣು ಮಗು, ನಾಗವೇಣಿಗೆ ತುಂಬಾ ರಕ್ತ ಹೋಗುತ್ತಿದೆ, ಡಾಕ್ಟರು ಹೊಲಿಗೆ ಹಾಕುತ್ತಿದ್ದಾರೆ, ಇನ್ನೂ ಒರೆಸಬೇಡಿ ಅಂದಿದ್ದಾರೆ ಎಂದಳು. ಅತ್ತೆ ತಲೆಯಾಡಿಸಿದರು. ಮತ್ತೆ ಕಾದೆವು. ನೋವು ಬಂದಾಗಲೆಲ್ಲ ಅತ್ತೆಯ ಕಣ್ಣುಗುಡ್ಡೆ ಮೇಲೆ ಹೋಗುತ್ತಿತ್ತು. ಮಾತ್ರೆ ಕೊಡಲು ಹೋದರೆ, ನನಗೆ ಮಂಪರು ಬಂದರೆ ಇವನು ಒರೆಸುವುದಿಲ್ಲ ಎಂದು ಬೇಡ ಅಂದರು. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾದ ಹೆಂಗಸನ್ನು ನಾನು ಕಂಡಿಲ್ಲ. ಅಂಥವರ ಜೊತೆ ಕಸದ ವಿಷಯಕ್ಕೆ ಜಗಳ ಮಾಡಿಕೊಂಡು ಅಷ್ಟು ವರ್ಷ ಕಳೆದೆನಲ್ಲ ಎಂದುಕೊಂಡೆ.

ನರ್ಸು ಎರಡನೆಯ ಸಲ ಬಂದಳು. ರಕ್ತ ನಿಂತಿದೆ, ನಾಗವೇಣಿ ಕಾಫಿ ಕೇಳಿದಳು, ಇನ್ನು ಭಯವಿಲ್ಲ ಎಂದಳು.

ಅತ್ತೆ ಮಗನ ಕಡೆ ನೋಡಿದರು. ಇವರು ಡಸ್ಟರನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದರು. ಶರಟಿನ ತುಂಬ ಸೀಮೆಸುಣ್ಣದ ಪುಡಿ.

'ಹೀಗೇ ಇರ್ಲಿ ಬಿಡಮ್ಮ' ಎಂದರು. 'ಹುಟ್ಟೋರು ಹುಟ್ಕೊಳ್ಲಿ. ಸೊಳ್ಳೆಗೆ ಪರದೆ ಕಟ್ಟೋಣ. ಊರಿನವರು ಹೊಂದ್ಕೋತಾರೆ, ಇಷ್ಟು ವರ್ಷ ಹೊಂದ್ಕೊಂಡಿಲ್ವಾ?'

ಕಿಟಕಿಯಾಚೆ ಮೈಯೆಲ್ಲ ಸೊಳ್ಳೆ ಮುತ್ತಿಸಿಕೊಂಡು ನಿಂತಿದ್ದ ಆ ಜನ, ಅಮ್ಮನನ್ನು ಕಳೆದುಕೊ ಎಂದು ಒಬ್ಬ ಮನುಷ್ಯನಿಗೆ ಬಾಯಿಬಿಟ್ಟು ಹೇಳಲಾರದೆ ನಿಂತಿದ್ದರು. ಇವರಿಗಿಂತ ಅವರೇ ಓದಿದವರ ಹಾಗೆ ಕಂಡರು ನನಗೆ.

'ನಂಗೆ ನೋಯುತ್ತೆ ಕಣೋ ಶಿತು' ಎಂದರು ಅತ್ತೆ. 'ನೋವನ್ನ ಕಡೆಗಣಿಸೋಣ ಅಂತ ನೀನು ಎಲ್ಲೂ ಬರೆದಿಲ್ವಲ್ಲ.'

ಇವರು ಅಳತೊಡಗಿದರು. ಹೆಂಗಸರು ಮಕ್ಕಳು ಅಟೆಂಡರುಗಳು ಎಲ್ಲರೂ ನೋಡುತ್ತಿದ್ದ ಹಾಗೆ, ಮೂಗು ಸೋರಿಸಿಕೊಂಡು ಅತ್ತರು. ಆ ಮನುಷ್ಯನನ್ನು ನಾನು ಬಹಳ ಕಾಲದಿಂದ ತಾತ್ಸಾರ ಮಾಡಿಕೊಂಡೇ ಬಂದವಳು. ಆ ಕ್ಷಣ ಮಾತ್ರ ಆಗಲಿಲ್ಲ. ಹೋಗಿ ಅವರ ಭುಜ ಹಿಡಿದು ಬೋರ್ಡಿನ ಕಡೆಗೆ ತಿರುಗಿಸಿದೆ. ಮತ್ತೆ ಬಂದು ಅತ್ತೆಯ ಕೈ ಹಿಡಿದು ಕೂತೆ.

ಇವರು ಒರೆಸಿದರು. ಡಸ್ಟರ್ ಅಲ್ಲಲ್ಲಿ ತಾಗಿತು, ಅಲ್ಲಲ್ಲಿ ತಾಗಲಿಲ್ಲ. ಅತ್ತೆ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು.

'ಸರಿಯಾಗಿ ಒರೆಸು' ಎಂದರು. 'ಇನ್ನೂ ಅಕ್ಷರ ಕಾಣ್ತಿದೆ.'

ಇವರು ಇನ್ನೊಂದು ಸಲ ಒರೆಸಿದರು.